ಕರಡು ತಿದ್ದುವವರು: ಅಂಧ ಓದುಗರ ಪುಸ್ತಕದ ಸಂಪಾದಕರು



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯ ಬಗ್ಗೆಯೋ ಒಂದು ಕಾವ್ಯದ ಬಗ್ಗೆಯೋ ಮಾತಾಡುವುದು ರೂಢಿ. ನಾನು ಇಂದು ಆರಿಸಿಕೊಂಡಿರುವುದು ಯಾವ ಮುಖಪುಟದಲ್ಲೂ ಹೆಸರು ಕಾಣಿಸದವರ ಕೆಲಸವನ್ನು. ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಯಂತ್ರ ಗುರುತಿಸಿಕೊಟ್ಟ ಅಕ್ಷರಗಳನ್ನು ಮೂಲದ ಪಕ್ಕದಲ್ಲಿಟ್ಟು ತಿದ್ದಿ, ಕಣ್ಣು ಕಾಣದ ಓದುಗರಿಗೆ ಒಪ್ಪಿಸುವ ಸ್ವಯಂಸೇವಕರ ಕೆಲಸ ಅದು. ದತ್ತಿಯ ಹಣ ಇಟ್ಟವರು ವಿಷಯ ಇಂಥದ್ದೇ ಆಗಬೇಕೆಂದು ಕಟ್ಟುಪಾಡು ಹಾಕಲಿಲ್ಲ. ಓದಿಗೆ ಸಂಬಂಧಿಸಿದ್ದಾದರೆ ಸಾಕು ಎಂದರು. ಆ ಔದಾರ್ಯಕ್ಕೆ ನಾನು ಋಣಿ.

ಇದು ಸಮಾಜಸೇವೆಯ ಕುರಿತ ಮಾತು ಎಂದುಕೊಂಡು ಬಂದವರು ಸಭೆಯಲ್ಲಿ ಇರಬಹುದು. ನನ್ನ ವಾದ ಬೇರೆ. ಇದು ಗ್ರಂಥಸಂಪಾದನೆ. ತಾಳೆಗರಿಯ ಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯ ಮಾಡಿದ ವಿದ್ವಾಂಸರ ಸಾಲಿಗೆ ಸೇರುವ ಕೆಲಸ. ಹಾಗೆಂದು ಒಪ್ಪಿಕೊಂಡರೆ ಅದು ಎಷ್ಟು ಚೊಕ್ಕವಾಗಿರಬೇಕು, ಅದಕ್ಕೆ ಯಾವ ಮನ್ನಣೆ ಸಲ್ಲಬೇಕು, ಎಲ್ಲಿ ಅದರ ಅಗತ್ಯವಿಲ್ಲ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ದಾನವೆಂದುಕೊಂಡರೆ ಈ ಮೂರನ್ನೂ ಕೇಳಲು ನಮಗೆ ಸಂಕೋಚವಾಗುತ್ತದೆ.

1. ಪುಸ್ತಕದ ಬರ

ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಪ್ಯಾರಿಸ್ಸಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಕುದುರೆ ಜೀನು ಹೊಲಿಯುವವರು. ಅವರ ಕೆಲಸದ ಮನೆಯಲ್ಲಿ ಆಡುತ್ತಿದ್ದ ಮಗುವಿನ ಕಣ್ಣಿಗೆ ಚೂಪಾದ ಸಲಕರಣೆ ತಾಗಿ ದೃಷ್ಟಿ ಹೋಯಿತು. ಆ ಹುಡುಗ ಬೆಳೆದು 1829ರಲ್ಲಿ ಆರು ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿದ. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಕನ್ನಡವನ್ನು ಬೆರಳಿನಿಂದ ಓದುವುದು ಇಂದಿಗೂ ಅದರಲ್ಲೇ. ಆದರೆ ಬ್ರೈಲ್ ಪುಸ್ತಕಕ್ಕೆ ದಪ್ಪ ಕಾಗದ ಬೇಕು, ಚುಕ್ಕೆ ಏಳಲು ಜಾಗ ಬೇಕು. ನಮ್ಮ ಚೀಲದಲ್ಲಿ ಹಿಡಿಯುವ ಕಾದಂಬರಿ ಬ್ರೈಲಿನಲ್ಲಿ ಹಲವು ಸಂಪುಟಗಳಾಗಿ ಕಪಾಟು ತುಂಬುತ್ತದೆ. ಹಾಗಾಗಿ ಬ್ರೈಲ್ ಮುದ್ರಣ ಬಹುಮಟ್ಟಿಗೆ ಪಠ್ಯಪುಸ್ತಕಗಳಿಗೇ ಸೀಮಿತವಾಯಿತು.

ಎರಡನೆಯ ದಾರಿ ದನಿ. ಬ್ರಿಟನ್ನಿನಲ್ಲಿ 1935ರಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಮಾತಾಡುವ ಪುಸ್ತಕಗಳು ಬಂದವು. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರು ಸರ್ಕಾರದ ನೆರವಿನಿಂದ ಕಾಲೇಜು ಸೇರಿದಾಗ ಅವರಿಗೆ ಪಠ್ಯಗಳನ್ನು ಓದಿ ಧ್ವನಿಮುದ್ರಿಸಿಕೊಡಲು ಆ್ಯನ್ ಮೆಕ್‌ಡೊನಾಲ್ಡ್ ಎಂಬ ಮಹಿಳೆ 1948ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಸ್ವಯಂಸೇವಕರ ಗುಂಪೊಂದನ್ನು ಕಟ್ಟಿದರು. ಬೆಂಗಳೂರಿನಲ್ಲಿ ಸ್ವತಃ ಅಂಧರಾದ ಮಧು ಸಿಂಘಾಲ್ 1990ರಲ್ಲಿ ಸ್ಥಾಪಿಸಿದ ಮಿತ್ರ ಜ್ಯೋತಿ ಸಂಸ್ಥೆಯ ಧ್ವನಿಪುಸ್ತಕ ಗ್ರಂಥಾಲಯವೂ ಇದೇ ದಾರಿಯದು. ಈ ಧ್ವನಿಮುದ್ರಣಗಳಿಂದ ಎಷ್ಟೋ ಜನ ಪದವೀಧರರಾದರು. ಆದರೂ ಒಂದು ಕೊರತೆ ಉಳಿಯಿತು. ಧ್ವನಿಮುದ್ರಣದಲ್ಲಿ ಪದ ಹುಡುಕಲಾಗದು, ಕಾಗುಣಿತ ತಿಳಿಯದು, ಅದನ್ನು ಬ್ರೈಲಿಗೆ ತಿರುಗಿಸಲಾಗದು. ಇವೆಲ್ಲ ಆಗಬೇಕಾದರೆ ಪುಸ್ತಕ ಅಕ್ಷರವಾಗಿ ಕಂಪ್ಯೂಟರಿನೊಳಗೆ ಇರಬೇಕು.

ಆ ಮೂರನೆಯ ದಾರಿ ತೆರೆದದ್ದು 1976ರಲ್ಲಿ. ರೇ ಕರ್ಜ್‌ವೈಲ್ ಎಂಬ ಅಮೆರಿಕದ ತಂತ್ರಜ್ಞ ಅಚ್ಚಿನ ಪುಟವನ್ನು ನೋಡಿ ಗಟ್ಟಿಯಾಗಿ ಓದುವ ಯಂತ್ರವನ್ನು ಪ್ರದರ್ಶಿಸಿದರು. ಅಂಧ ಗಾಯಕ ಸ್ಟೀವಿ ವಂಡರ್ ಅದರ ಮೊದಲ ಗ್ರಾಹಕರಲ್ಲಿ ಒಬ್ಬರು. ಸಾಮಾನ್ಯರಿಗೆ ಅದರ ಬೆಲೆ ಎಟುಕುವಂಥದ್ದಲ್ಲ. 1989ರಲ್ಲಿ ಜಿಮ್ ಫ್ರಕ್ಟರ್‌ಮನ್ ಎಂಬ ಎಂಜಿನಿಯರ್ ಆರ್ಕೆನ್‌ಸ್ಟೋನ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ಸಾಮಾನ್ಯ ಕಂಪ್ಯೂಟರ್ ಮತ್ತು ಸ್ಕ್ಯಾನರ್ ಜೋಡಿಸಿ ಅದೇ ಕೆಲಸವನ್ನು ಕಡಿಮೆ ಬೆಲೆಗೆ ತಂದರು. ಸಾವಿರಾರು ಅಂಧರ ಮನೆಗೆ ಸ್ಕ್ಯಾನರ್ ಬಂತು.

ಆಗ ಹೊಸ ಸಮಸ್ಯೆ ಎದ್ದಿತು. ಒಬ್ಬ ಓದುಗ ತನ್ನ ಊರಿನಲ್ಲಿ ಕೂತು ಒಂದು ಕಾದಂಬರಿಯ ಪುಟಪುಟವನ್ನೂ ಗಾಜಿನ ಮೇಲೆ ಒತ್ತಿ ಸ್ಕ್ಯಾನ್ ಮಾಡುತ್ತಾನೆ. ಇನ್ನೊಂದು ಊರಿನಲ್ಲಿ ಇನ್ನೊಬ್ಬಳು ಅದೇ ಕಾದಂಬರಿಯನ್ನು ಮೊದಲ ಪುಟದಿಂದ ಸ್ಕ್ಯಾನ್ ಮಾಡುತ್ತಾಳೆ. ಒಬ್ಬರ ಶ್ರಮ ಇನ್ನೊಬ್ಬರಿಗೆ ಸಲ್ಲದು. ಫ್ರಕ್ಟರ್‌ಮನ್ 2002ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಬೆನೆಟೆಕ್ ಸಂಸ್ಥೆಯಿಂದ ಬುಕ್‌ಶೇರ್ ಎಂಬ ಗ್ರಂಥಾಲಯ ಆರಂಭಿಸಿದ್ದು ಇದಕ್ಕೆ ಪರಿಹಾರವಾಗಿ. ಓದಲಾಗದ ಅಂಗವೈಕಲ್ಯವಿದೆ ಎಂಬ ದಾಖಲೆ ಕೊಟ್ಟವರು ಅದರ ಸದಸ್ಯರು. ಒಬ್ಬರು ಸ್ಕ್ಯಾನ್ ಮಾಡಿದ್ದನ್ನು ಎಲ್ಲ ಸದಸ್ಯರೂ ಓದಬಹುದು. ಸ್ವಯಂಸೇವಕರು ಎರಡು ಬಗೆ: ಸ್ಕ್ಯಾನ್ ಮಾಡುವವರು, ಕರಡು ತಿದ್ದುವವರು. ಎರಡೂ ಕಡೆ ಅಂಧರು ದೊಡ್ಡ ಸಂಖ್ಯೆಯಲ್ಲಿ ಇದ್ದರೆಂಬುದನ್ನು ಮರೆಯಬಾರದು. ಈ ಗ್ರಂಥಾಲಯ ಹುಟ್ಟಿದ್ದು ಕಣ್ಣಿದ್ದವರ ಕರುಣೆಯಿಂದಲ್ಲ, ಓದುಗರು ತಮ್ಮ ಮನೆಯ ಪುಸ್ತಕಗಳನ್ನು ಒಂದೆಡೆ ತಂದು ಹಾಕಿದ್ದರಿಂದ.

2. ಬಾಗಿಲು ತೆರೆದ ಕಾನೂನು

ಇನ್ನೊಬ್ಬರ ಪುಸ್ತಕವನ್ನು ಹೀಗೆ ಹಂಚಿದರೆ ಕೃತಿಸ್ವಾಮ್ಯದ ಕಾಯಿದೆ ಏನೆನ್ನುತ್ತದೆ? ಅಮೆರಿಕ 1996ರಲ್ಲೇ ತನ್ನ ಕಾಯಿದೆಗೆ ಒಂದು ವಿನಾಯಿತಿ ಸೇರಿಸಿತ್ತು. ಅದಿಲ್ಲದೆ ಬುಕ್‌ಶೇರ್ ಸಾಧ್ಯವಿರಲಿಲ್ಲ. ನಮ್ಮಲ್ಲಿ 1957ರ ಕಾಯಿದೆಯಲ್ಲಿ ಅಂಥ ವಿನಾಯಿತಿ ಇರಲಿಲ್ಲ. ಅಂಧ ವಿದ್ಯಾರ್ಥಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಪ್ರಕಾಶಕರ ಅನುಮತಿ ಕೇಳಬೇಕಾಗಿತ್ತು, ಅದು ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತಿತ್ತು. ಓದುವ ಹಕ್ಕಿಗಾಗಿ ನಡೆದ ಆಂದೋಲನದಲ್ಲಿ ಅಂಧರ ಸಂಘಟನೆಗಳ ಜೊತೆ ಚೆನ್ನೈನ ವಕೀಲ ರಾಹುಲ್ ಚೆರಿಯನ್ ದುಡಿದರು, ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯೂ ದುಡಿಯಿತು. 2012ರ ತಿದ್ದುಪಡಿಯಲ್ಲಿ 52ನೆಯ ಪ್ರಕರಣಕ್ಕೆ ಹೊಸ ಉಪವಾಕ್ಯ ಸೇರಿತು. ಅಂಗವಿಕಲರು ಓದಲೆಂದು ಯಾವುದೇ ಕೃತಿಯನ್ನು ಅವರಿಗೆ ಅನುಕೂಲವಾದ ರೂಪಕ್ಕೆ ತರಬಹುದು. ವ್ಯಕ್ತಿಗಳೂ ತರಬಹುದು, ಅವರಿಗಾಗಿ ದುಡಿಯುವ ಸಂಸ್ಥೆಗಳೂ ತರಬಹುದು. ಸಂಸ್ಥೆ ಲಾಭ ಮಾಡಬಾರದು, ಪ್ರತಿ ಅಂಗವಿಕಲರಿಗೆ ಮಾತ್ರ ತಲಪಬೇಕು.

ಮರುವರ್ಷ, 2013ರ ಜೂನ್ 27ರಂದು, ಮೊರಾಕ್ಕೊ ದೇಶದ ಮರ್ರಾಕೆಶ್ ನಗರದಲ್ಲಿ ಇದೇ ಆಶಯದ ಅಂತರರಾಷ್ಟ್ರೀಯ ಒಪ್ಪಂದ ಅಂಗೀಕಾರವಾಯಿತು. ಒಂದು ದೇಶದಲ್ಲಿ ಸಿದ್ಧವಾದ ಪುಸ್ತಕ ಇನ್ನೊಂದು ದೇಶದ ಅಂಧ ಓದುಗರಿಗೆ ಸಿಗಲಿ ಎಂಬುದು ಅದರ ತಿರುಳು. ಅದನ್ನು ಜಗತ್ತಿನಲ್ಲಿ ಮೊದಲು ಸ್ಥಿರೀಕರಿಸಿದ ದೇಶ ಭಾರತ, 2014ರ ಜೂನ್‌ನಲ್ಲಿ. ಒಪ್ಪಂದ ಜಾರಿಗೆ ಬಂದದ್ದು 2016ರ ಸೆಪ್ಟೆಂಬರ್ 30ರಂದು. ಅದೇ ವರ್ಷದ ಆಗಸ್ಟ್‌ನಲ್ಲಿ ಡೈಸಿ ಫೋರಂ ಆಫ್ ಇಂಡಿಯಾ, ಕೇಂದ್ರ ಸರ್ಕಾರದ ಅಂಗವಿಕಲರ ಸಬಲೀಕರಣ ಇಲಾಖೆ ಮತ್ತು ಟಿಸಿಎಸ್ ಸೇರಿ ಸುಗಮ್ಯ ಪುಸ್ತಕಾಲಯವೆಂಬ ಆನ್‌ಲೈನ್ ಗ್ರಂಥಾಲಯವನ್ನು ತೆರೆದವು. ಭಾರತೀಯ ಭಾಷೆಗಳ ಪುಸ್ತಕಗಳೂ ಅಲ್ಲಿ ಸಿಗುತ್ತವೆ.

2011ರ ಜನಗಣತಿಯಂತೆ ದೇಶದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. ಕರ್ನಾಟಕದಲ್ಲಿ ಈ ಸಂಖ್ಯೆ ಎರಡೂವರೆ ಲಕ್ಷ ಮೀರುತ್ತದೆ. ಕಾಯಿದೆ ಅವರ ಪರವಾಗಿದೆ, ಗ್ರಂಥಾಲಯವಿದೆ, ಮೊಬೈಲಿನಲ್ಲೇ ಕನ್ನಡ ಓದುವ ದನಿಯಿದೆ. ಕೊರತೆ ಇರುವುದು ನಡುವಿನ ಒಂದು ಮೆಟ್ಟಿಲಿನಲ್ಲಿ, ಅಂದರೆ ತಪ್ಪಿಲ್ಲದ ಕನ್ನಡ ಪಠ್ಯದಲ್ಲಿ.

3. ಯಂತ್ರದ ಮುಂದೆ ಕನ್ನಡದ ಪುಟ

ಸ್ಕ್ಯಾನ್ ಮಾಡಿದರೆ ಸಿಗುವುದು ಪುಟದ ಚಿತ್ರ. ಪರದೆ ಓದುವ ತಂತ್ರಾಂಶಕ್ಕೆ ಅದು ಬರೀ ಚಿತ್ರವೇ. ಚಿತ್ರದಿಂದ ಅಕ್ಷರ ಬಿಡಿಸುವ ಕೆಲಸವನ್ನು ಓಸಿಆರ್ ಎಂಬ ತಂತ್ರಾಂಶ ಮಾಡುತ್ತದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತ ತಂತ್ರಾಂಶವಾದ ಟೆಸೆರಾಕ್ಟ್ ಈಗ ಕನ್ನಡವನ್ನೂ ಓದುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಲಿಪಿ ಜ್ಞಾನಿ ಎಂಬ ಕನ್ನಡ ಓಸಿಆರನ್ನು ಮೊದಲಿನಿಂದ ಕಟ್ಟಿತು. 1970ರಿಂದ 2002ರ ನಡುವೆ ಪ್ರಕಟವಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳಿಂದ, ಹಳಗನ್ನಡವನ್ನೂ ಕನ್ನಡ ಲಿಪಿಯ ಸಂಸ್ಕೃತ ಶ್ಲೋಕಗಳನ್ನೂ ಸೇರಿಸಿಕೊಂಡು, ಅದಕ್ಕೆ ಪಾಠ ಕಲಿಸಲಾಯಿತು.

ಇಷ್ಟಾದರೂ ಕನ್ನಡದ ಪುಟ ಯಂತ್ರಕ್ಕೆ ಸುಲಭದ ತುತ್ತಲ್ಲ. ಯಂತ್ರ ನೂರಕ್ಕೆ 98 ಅಕ್ಷರ ಸರಿಯಾಗಿ ಗುರುತಿಸಿತು ಎಂದಿಟ್ಟುಕೊಳ್ಳಿ. ಪರೀಕ್ಷೆಯಲ್ಲಾದರೆ ಅದು ರ್‍ಯಾಂಕ್ ತರುವ ಅಂಕ. ಪುಟಕ್ಕೆ 1,500 ಅಕ್ಷರವಿದ್ದರೆ 30 ತಪ್ಪು, 200 ಪುಟದ ಪುಸ್ತಕದಲ್ಲಿ 6,000 ತಪ್ಪು. ಇಂಥ ಪುಸ್ತಕವನ್ನು ಯಾವ ಪ್ರಕಾಶಕರಾದರೂ ಅಂಗಡಿಗೆ ಕಳಿಸುತ್ತಾರೆಯೇ?

ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎಂಬುದು ಒಂದನೆಯ ತರಗತಿಯ ಮೇಷ್ಟರಿಗೆ ಗೊತ್ತು. ಮ ಮತ್ತು ವು ಒಂದೇ ಥರ ಕಾಣುತ್ತವೆ. ‘ಮನೆ’ ಹೋಗಿ ‘ವುನೆ’ ಆಗುತ್ತದೆ. ಮಹಾಪ್ರಾಣದ ಹೊಟ್ಟೆ ಸೀಳು ಅಚ್ಚಿನಲ್ಲಿ ಸವೆದಿದ್ದರೆ ‘ಧನ’ ಇದ್ದದ್ದು ‘ದನ’ ಆಗುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದ್ದರೆ ಯಂತ್ರ ಅದನ್ನು ಬಿಟ್ಟೇಬಿಡುತ್ತದೆ; ‘ಕತ್ತೆ’ ಎಂಬುದು ‘ಕತೆ’ಯಾಗಿ ಹೊರಬರುತ್ತದೆ. ದೀರ್ಘದ ಕೊಂಡಿ ಕಳಚಿದರೆ ‘ಹೋಗೆ’ ಎಂದು ಗಂಡ ಸಿಡುಕಿದ್ದು ‘ಹೊಗೆ’ ಆಗುತ್ತದೆ, ‘ಬೇರೆ’ ಎಂಬುದು ‘ಬೆರೆ’ ಆಗುತ್ತದೆ. ‘ವುನೆ’ ಎಂಬ ಪದವಿಲ್ಲ, ಆದ್ದರಿಂದ ನಿಘಂಟು ನೋಡುವ ತಂತ್ರಾಂಶ ಅದನ್ನು ಹಿಡಿಯುತ್ತದೆ. ‘ದನ’, ‘ಕತೆ’, ‘ಹೊಗೆ’ಗಳು ಒಳ್ಳೆಯ ಕನ್ನಡ ಪದಗಳೇ. ಅವನ್ನು ಹಿಡಿಯಲು ಆ ವಾಕ್ಯ ಏನು ಹೇಳುತ್ತಿದೆ ಎಂದು ಬಲ್ಲ ಮನುಷ್ಯನೇ ಬೇಕು.

ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ಕನ್ನಡದ ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ನೋಡಲು ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ‘ಬಂಡಿ’ ಎಂಬಲ್ಲಿ ಅಂಕಿಯ ಸೊನ್ನೆ ಕೂತಿದ್ದರೆ ಕಣ್ಣಿದ್ದವರು ಬಂಡಿ ಎಂದೇ ಓದಿಕೊಳ್ಳುತ್ತಾರೆ. ಕೇಳುವವರಿಗೆ ಪದದ ನಡುವೆ ಒಂದು ಸಂಖ್ಯೆ ಕೇಳಿಸುತ್ತದೆ, ಬಂಡಿ ಮುರಿದು ಬೀಳುತ್ತದೆ. ನಾವು ಚೆನ್ನಾಗಿದೆ ಎಂದು ಪಾಸು ಮಾಡಿದ ಪುಟ ಅವರಿಗೆ ಕಲ್ಲುಮುಳ್ಳಿನ ದಾರಿ.

ಹಳಗನ್ನಡದ ೞಕಾರದ ಕತೆ ಇನ್ನೂ ವಿಚಿತ್ರ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಇರುವ ಹೆಸರೇ ತಪ್ಪು; ಯಾರೋ ಅದನ್ನು ಇಂಗ್ಲಿಷಿನ ಎಫ್ ಧ್ವನಿಯ ‘ಫ’ ಎಂದು ದಾಖಲಿಸಿದರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ ಅದು ಹಾಗೆಯೇ ಉಳಿದಿದೆ. ಕರಡು ಹಂತದಲ್ಲಿ ಕನ್ನಡ ಬಲ್ಲವರೊಬ್ಬರು ನೋಡದಿದ್ದರೆ ತಪ್ಪು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

4. ತಿದ್ದುವುದು ಎಂದರೆ

ಸ್ಕ್ಯಾನ್ ಮಾಡುವ ಕೆಲಸ ತಾಳ್ಮೆಯದು, ಕಲಿಯಲು ಕಷ್ಟವಿಲ್ಲ. ಅಂಚು ಬಾಗದಂತೆ ಪುಟ ಹರಡಬೇಕು, ಅಂಗುಲಕ್ಕೆ 300 ಚುಕ್ಕೆಗಳಿಗಿಂತ ಕಡಿಮೆ ಆಗಬಾರದು, ಪುಟ ತಪ್ಪಿಹೋಗಿಲ್ಲವೆಂದು ಎಣಿಸಿ ನೋಡಬೇಕು. ಒಂದು ಮಧ್ಯಾಹ್ನದಲ್ಲಿ ಒಂದು ಪುಸ್ತಕ ಮುಗಿಯುತ್ತದೆ. ನಿಜವಾದ ಕೆಲಸ ಆಮೇಲಿನದು. ಅದು ವಾರಗಟ್ಟಲೆ ನಡೆಯುತ್ತದೆ.

ಮೊದಲು ಪುಟದ ಅಲಂಕಾರ ಕಳಚಬೇಕು. ನಮ್ಮ ಪುಸ್ತಕಗಳಲ್ಲಿ ಪ್ರತಿ ಪುಟದ ತಲೆಯಲ್ಲಿ ಒಂದು ಕಡೆ ಪುಸ್ತಕದ ಹೆಸರು, ಇನ್ನೊಂದು ಕಡೆ ಅಧ್ಯಾಯದ ಹೆಸರು ಇರುತ್ತದೆ. ಕಣ್ಣು ಅದನ್ನು ದಾಟಿಹೋಗುತ್ತದೆ. ಯಂತ್ರದ ದನಿ ದಾಟುವುದಿಲ್ಲ. ಕಾದಂಬರಿಯ ನಾಯಕಿ ಕೊನೆಯುಸಿರೆಳೆಯುವ ವಾಕ್ಯದ ನಡುವೆ ಪುಸ್ತಕದ ಹೆಸರು, ಪುಟದ ಸಂಖ್ಯೆ, ಮತ್ತೆ ಅರ್ಧಕ್ಕೆ ನಿಂತ ಉಸಿರು! ಆದರೆ ಪುಟಸಂಖ್ಯೆಯನ್ನು ಅಳಿಸಿಯೇ ಬಿಟ್ಟರೆ ತರಗತಿಯಲ್ಲಿ ‘ನೂರಾ ಹತ್ತನೇ ಪುಟ ತೆಗೆಯಿರಿ’ ಎಂದಾಗ ಅಂಧ ವಿದ್ಯಾರ್ಥಿ ಸುಮ್ಮನೆ ಕೂರಬೇಕು. ಹಾಗಾಗಿ ಸಂಖ್ಯೆಯನ್ನು ಓದಿನ ಹರಿವಿನಿಂದ ತೆಗೆದು, ಬೇಕಾದಾಗ ಹಾರಿ ತಲಪುವ ಗುರುತಾಗಿ ಇಡಬೇಕು. ಇದಕ್ಕೆಂದೇ ಡೈಸಿ ಎಂಬ ರೂಪವಿದೆ. ಅಧ್ಯಾಯ, ಉಪಶೀರ್ಷಿಕೆ, ಪುಟ, ಅಡಿಟಿಪ್ಪಣಿ ಎಲ್ಲಕ್ಕೂ ಅದರಲ್ಲಿ ಗುರುತು ಹಾಕಬಹುದು.

ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಕೂಡಿಸಬೇಕು. ನಮ್ಮ ಉದ್ದುದ್ದ ಸಮಾಸಗಳಲ್ಲಿ ಇದು ಪುಟಕ್ಕೆ ಹತ್ತಾರು ಸಲ ಬರುತ್ತದೆ. ಪದ್ಯದ ಸಾಲುಗಳನ್ನು ಗದ್ಯವಾಗಿ ಹರಿಯಬಿಡಬಾರದು. ಪುಸ್ತಕದ ಕೊನೆಯಲ್ಲಿ ಒಪ್ಪೋಲೆ ಇದ್ದರೆ ಆ ತಿದ್ದುಪಡಿಗಳನ್ನು ಆಯಾ ಜಾಗಕ್ಕೆ ಸೇರಿಸಬೇಕು. ಚಿತ್ರವಿದ್ದರೆ ಅದರಲ್ಲಿ ಏನಿದೆ ಎಂದು ಎರಡು ಸಾಲು ಬರೆಯಬೇಕು. ಶಿವರಾಮ ಕಾರಂತರ ಬಾಲಪ್ರಪಂಚದಂಥ ಪುಸ್ತಕವನ್ನು ಎತ್ತಿಕೊಂಡರೆ ಅರ್ಧ ಕೆಲಸ ಅದೇ.

ಇವೆಲ್ಲಕ್ಕಿಂತ ಕಷ್ಟವಾದದ್ದು ತಿದ್ದದೆ ಬಿಡುವುದು. ದೇವನೂರ ಮಹಾದೇವರ ಕುಸುಮಬಾಲೆಯ ನುಡಿ ಚಾಮರಾಜನಗರ, ನಂಜನಗೂಡು ಕಡೆಯದು. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಕಾದಂಬರಿಯ ಸಂಭಾಷಣೆ ಮಲೆನಾಡಿನದು. ಪಠ್ಯಪುಸ್ತಕದ ಕನ್ನಡಕ್ಕೆ ಒಗ್ಗಿದ ಸ್ವಯಂಸೇವಕನ ಕೈ ಅಲ್ಲಿ ತುರಿಸುತ್ತದೆ, ‘ಸರಿ’ ಮಾಡಿಬಿಡುತ್ತದೆ. ಸರಿ ಮಾಡಿದ ಕುಸುಮಬಾಲೆ ದೇವನೂರರದಲ್ಲ. ಯಂತ್ರದ ತಪ್ಪು ಯಾವುದು, ಮುದ್ರಾರಾಕ್ಷಸನ ಹಾವಳಿ ಯಾವುದು, ಲೇಖಕ ಬೇಕೆಂದೇ ಬರೆದದ್ದು ಯಾವುದು ಎಂದು ಬಿಡಿಸಿ ನೋಡುವ ಈ ವಿವೇಕವನ್ನೇ ನಾವು ಸಂಪಾದನೆ ಎನ್ನುವುದು. ಡಿ.ಎಲ್. ನರಸಿಂಹಾಚಾರ್ಯರು ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಪ್ರತಿಯಿಂದ ಪ್ರತಿಗೆ ತಪ್ಪು ನುಸುಳುವ ಬಗೆಯನ್ನು ಶಾಸ್ತ್ರವಾಗಿಯೇ ವಿವರಿಸಿದ್ದಾರೆ. ಒಂದರಂತೆ ಇನ್ನೊಂದು ಕಾಣುವ ಅಕ್ಷರ, ಕಣ್ಣು ಜಿಗಿದು ಬಿಟ್ಟುಹೋದ ಸಾಲು, ಅರ್ಥವಾಗದ ಪದಕ್ಕೆ ಬದಲಾಗಿ ಬಂದ ಸುಲಭದ ಪದ: ತಾಳೆಗರಿಯ ಲಿಪಿಕಾರ ಮಾಡಿದ ತಪ್ಪುಗಳನ್ನೇ ಇಂದು ಓಸಿಆರ್ ಮಾಡುತ್ತಿದೆ.

ಒಂದು ವ್ಯತ್ಯಾಸವಿದೆ, ಅದು ಸಂಪಾದಕನ ಹೊಣೆಯನ್ನು ಹೆಚ್ಚಿಸುವಂಥದ್ದು. ಪಂಪಭಾರತದ ಅಚ್ಚಿನ ಪ್ರತಿಯಲ್ಲಿ ನಮಗೆ ಅನುಮಾನ ಬಂದರೆ ಪಾಠಾಂತರ ನೋಡುತ್ತೇವೆ, ಇನ್ನೊಂದು ಮುದ್ರಣ ತೆಗೆಯುತ್ತೇವೆ. ಅಂಧ ಓದುಗರು ಮೂಲದ ಪುಟವನ್ನು ತಾವೇ ನೋಡಿ ತಾಳೆ ಹಾಕಲಾರರು. ನಾವು ಕೊಟ್ಟದ್ದೇ ಅವರ ಪಾಲಿಗೆ ಪುಸ್ತಕ. ಪರೀಕ್ಷೆಯಲ್ಲಿ ಅವರು ಬರೆಯುವ ಉತ್ತರ, ಪ್ರಬಂಧದಲ್ಲಿ ಅವರು ಕೊಡುವ ಉಲ್ಲೇಖ ಎಲ್ಲವೂ ನಾವು ತಿದ್ದಿದ ಸಾಲಿನ ಮೇಲೆ ನಿಂತಿರುತ್ತವೆ.

ಆದ್ದರಿಂದ ಒಬ್ಬರೇ ತಿದ್ದಿದ ಪುಸ್ತಕವನ್ನು ಮುಗಿದ ಪುಸ್ತಕ ಎನ್ನಬಾರದು. 2000ದಲ್ಲಿ ಚಾರ್ಲ್ಸ್ ಫ್ರಾಂಕ್ಸ್ ಆರಂಭಿಸಿದ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಎಂಬ ಸ್ವಯಂಸೇವಕರ ಕೂಟ ಪುಸ್ತಕವನ್ನು ಪುಟಗಳಾಗಿ ಬಿಡಿಸಿ ಹಂಚುತ್ತದೆ. ಒಂದೇ ಪುಟ ಹಲವು ಸುತ್ತುಗಳಲ್ಲಿ ಬೇರೆ ಬೇರೆಯವರ ಕಣ್ಣಿಗೆ ಬೀಳುತ್ತದೆ. ದಿನಕ್ಕೊಂದು ಪುಟ ನೋಡಿದರೂ ಸಾಕು ಎಂಬುದು ಅಲ್ಲಿಯ ಕರೆ. ಕನ್ನಡ ವಿಕಿಸೋರ್ಸ್‌ನಲ್ಲೂ ಇದೇ ಬಗೆ: ಯಾರೂ ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ಒಪ್ಪಿದರೆ ಹಸಿರು. ಅಲ್ಲಿ ಹಾಕಬಹುದಾದದ್ದು ಕೃತಿಸ್ವಾಮ್ಯ ಮುಗಿದ, ಇಲ್ಲವೇ ಮುಕ್ತವಾಗಿ ಬಿಟ್ಟುಕೊಟ್ಟ ಕೃತಿಗಳನ್ನು ಮಾತ್ರ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ನಮ್ಮಲ್ಲಿ ಕೃತಿ ಎಲ್ಲರದಾಗುತ್ತದೆ. ಮನೆಮನೆ ಅಲೆದು ವಚನಗಳ ತಾಡವೋಲೆ ಕೂಡಿಹಾಕಿದ ಫ.ಗು. ಹಳಕಟ್ಟಿ ಅವರು ತೀರಿಕೊಂಡದ್ದು 1964ರಲ್ಲಿ. ಅವರ ಬರಹ 2025ರಿಂದ ಮುಕ್ತ. ಅದನ್ನು ತಿದ್ದಿಟ್ಟರೆ ಅಂಧರಿಗೂ ಆಯಿತು, ಲೋಕಕ್ಕೂ ಆಯಿತು.

ಇಬ್ಬರು ತಿದ್ದುವಾಗ ಒಬ್ಬರು ಅಂಧರಾಗಿರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕಣ್ಣಿಗೆ ಒಂದು ಚಾಳಿ ಇದೆ. ಬಿಟ್ಟುಹೋದ ಒತ್ತನ್ನು ಅದು ತಾನೇ ತುಂಬಿಕೊಂಡು ಓದುತ್ತದೆ. ಕಿವಿ ಹಾಗೆ ಮಾಡುವುದಿಲ್ಲ, ‘ಕತೆಯ ಮೇಲೆ ಮೂಟೆ ಹೇರಿದರು’ ಎಂದು ಕೇಳಿಸಿದ ಕೂಡಲೇ ನಿಲ್ಲುತ್ತದೆ. ಶ, ಷಗಳ ವ್ಯತ್ಯಾಸ ಮಾತ್ರ ಕಿವಿಗೆ ಸಿಗದು, ಅಲ್ಲಿ ಕಣ್ಣು ಬೇಕು, ಇಲ್ಲವೇ ಬ್ರೈಲ್ ಓದುವ ಬೆರಳು ಬೇಕು. ಕೇಳುವವರು ಅನುಮಾನ ಎತ್ತಬೇಕು, ನೋಡುವವರು ಮೂಲ ಪುಟ ತೆರೆದು ತೀರ್ಪು ಕೊಡಬೇಕು. ಇದು ಸಮಾನರ ನಡುವಿನ ಕೆಲಸ. ಅಂಧರಾಗಿದ್ದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥಗಳನ್ನು ರಚಿಸಿದರು. ಅಂಥ ನಾಡಿನಲ್ಲಿ ಅಂಧರನ್ನು ಬರೀ ಪಡೆಯುವವರೆಂದು ಭಾವಿಸುವುದು ನಮ್ಮ ಅರಿವಿನ ಕೊರತೆ.

5. ಹೊಸ ಯಂತ್ರ, ಹೊಸ ಅಪಾಯ

ಈಗ ಮೊಬೈಲನ್ನು ಪುಟಕ್ಕೆ ಹಿಡಿದರೆ ಸಾಕು, ಓದಿಬಿಡುತ್ತದಲ್ಲ, ಇನ್ನು ಸ್ವಯಂಸೇವಕರೇಕೆ ಎಂದು ಯುವಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ವಿದ್ಯುತ್ ಬಿಲ್ಲು, ಔಷಧಿಯ ಚೀಟಿ, ಬ್ಯಾಂಕಿನ ಪತ್ರ ಓದಲು ಮೊಬೈಲ್ ಧಾರಾಳವಾಗಿ ಸಾಕು, ಅದರಿಂದ ಬಂದಿರುವ ಸ್ವಾತಂತ್ರ್ಯ ದೊಡ್ಡದು. ಪುಸ್ತಕದ ಮಾತು ಬೇರೆ.

ಹಳೆಯ ಓಸಿಆರ್ ತಪ್ಪು ಮಾಡಿದರೆ ‘ವುನೆ’ ಎಂದು ಕೂಗಿ ಹೇಳುತ್ತಿತ್ತು. ಭಾಷೆಯ ಮಾದರಿಗಳನ್ನು ಬಳಸುವ ಈಚಿನ ಯಂತ್ರಗಳು ಹಾಗಲ್ಲ. ಅಕ್ಷರ ಮಸುಕಾಗಿದ್ದರೆ ಅಲ್ಲಿ ಹೊಂದಬಹುದಾದ ಪದವನ್ನು ಊಹಿಸಿ ಕೂಡಿಸುತ್ತವೆ. ವಾಕ್ಯ ಸಲೀಸಾಗಿ ಓದಿಸಿಕೊಳ್ಳುತ್ತದೆ, ಲೇಖಕ ಬರೆದ ವಾಕ್ಯ ಮಾತ್ರ ಅದಲ್ಲ. ಆಡುಮಾತನ್ನು ಶಿಷ್ಟಕ್ಕೆ ತಿರುಗಿಸುತ್ತವೆ, ಅಪರೂಪದ ಪದವನ್ನು ಚಾಲ್ತಿಯ ಪದವಾಗಿಸುತ್ತವೆ. ದಡ್ಡ ಲಿಪಿಕಾರನಿಗಿಂತ ಜಾಣ ಲಿಪಿಕಾರ ಅಪಾಯಕಾರಿ ಎಂಬುದು ಗ್ರಂಥಸಂಪಾದನೆ ಮಾಡಿದವರೆಲ್ಲ ಬಲ್ಲ ಸತ್ಯ. ದಡ್ಡನ ತಪ್ಪಿನಲ್ಲಿ ಮೂಲದ ಗುರುತು ಉಳಿದಿರುತ್ತದೆ, ಜಾಣ ಅದನ್ನೂ ಅಳಿಸಿಬಿಡುತ್ತಾನೆ. ಕೇಳುವ ಓದುಗರಿಗೆ ಈ ಬಗೆಯ ತಪ್ಪು ಹಿಡಿಯಲು ಯಾವ ದಾರಿಯೂ ಇಲ್ಲ. ಹಾಗಾಗಿ ಯಂತ್ರ ಚುರುಕಾದಷ್ಟೂ ಮೂಲ ಪುಟದ ಜೊತೆ ಕೂರುವ ಮನುಷ್ಯನ ಅಗತ್ಯ ಹೆಚ್ಚುತ್ತದೆ.

6. ಯಾವುದು ಸ್ವಯಂಸೇವೆ, ಯಾವುದು ಕರ್ತವ್ಯ

ಇಷ್ಟು ಹೊತ್ತು ಸ್ವಯಂಸೇವಕರನ್ನು ಹೊಗಳಿದೆ. ಅವರ ಶ್ರಮ ಎಲ್ಲಿ ವ್ಯರ್ಥವಾಗುತ್ತಿದೆ ಎಂದೂ ಹೇಳಬೇಕು.

ಕಳೆದ ಎರಡು ಮೂರು ದಶಕಗಳಲ್ಲಿ ಬಂದ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಕಂಪ್ಯೂಟರಿನಲ್ಲೇ ಡಿಟಿಪಿ ಆದವು. ಅಂದರೆ ಅಕ್ಷರ ಮೊದಲೇ ಕಡತದಲ್ಲಿತ್ತು. ಅದನ್ನು ಕಾಗದಕ್ಕೆ ಇಳಿಸಿ, ಕಾಗದವನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಹೆಕ್ಕಿ, ಮತ್ತೆ ತಿದ್ದಿ ಅದೇ ಕಡತವನ್ನು ಪಡೆಯುತ್ತಿದ್ದೇವೆ. ಹಿಟ್ಟನ್ನು ಚೆಲ್ಲಿ, ಗೋರಿ, ಜರಡಿ ಹಿಡಿದು ಡಬ್ಬಕ್ಕೆ ತುಂಬಿದ ಹಾಗೆ. ಪ್ರಕಾಶಕರು ಕಡತ ಕೊಡಲು ಒಪ್ಪಿದರೂ ತೊಡಕುಂಟು. ಹಳೆಯ ಕಡತಗಳು ಯೂನಿಕೋಡಿನಲ್ಲಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಆಯಾ ಕಾಲದ ಫಾಂಟುಗಳಲ್ಲಿವೆ. ಪರದೆ ಓದುವ ತಂತ್ರಾಂಶಕ್ಕೆ ಅವು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಬದಲಿಸಿಕೊಡುವ ಪರಿವರ್ತಕಗಳಿವೆ. ಅರ್ಕಾವೊತ್ತು ಜಾಗ ತಪ್ಪುವುದು, ಒತ್ತು ಕಳಚುವುದು ಮುಂತಾದ ತಪ್ಪುಗಳು ಅಲ್ಲೂ ಉಳಿಯುತ್ತವೆ. ಆದರೂ ಸ್ಕ್ಯಾನ್ ಮಾಡಿ ತಿದ್ದುವುದಕ್ಕೆ ಹೋಲಿಸಿದರೆ ಅದು ಹಗುರದ ಕೆಲಸ.

ಬುಕ್‌ಶೇರ್‌ನ ಮುಂದಿನ ಇತಿಹಾಸ ಇದನ್ನೇ ಹೇಳುತ್ತದೆ. ಸ್ವಯಂಸೇವಕರ ಸ್ಕ್ಯಾನುಗಳಿಂದ ಆರಂಭವಾದ ಆ ಗ್ರಂಥಾಲಯದಲ್ಲಿ ಇಂದು ಹತ್ತು ಲಕ್ಷಕ್ಕೂ ಹೆಚ್ಚು ಶೀರ್ಷಿಕೆಗಳಿವೆ. ಆ ಸಂಖ್ಯೆ ಬಂದದ್ದು ಪ್ರಕಾಶಕರು ತಮ್ಮ ಕಡತಗಳನ್ನು ನೇರವಾಗಿ ಕೊಡಲು ಒಪ್ಪಿದ ಮೇಲೆ. ಸ್ವಯಂಸೇವಕರು ಎಷ್ಟೇ ದುಡಿದರೂ ಅಷ್ಟು ಪುಸ್ತಕಗಳನ್ನು ಗಾಜಿನ ಮೇಲಿಟ್ಟು ತೆಗೆಯಲಾಗುತ್ತಿರಲಿಲ್ಲ. ಅವರು ಮಾಡಿ ತೋರಿಸಿದ್ದು ಇಂಥ ಗ್ರಂಥಾಲಯ ಸಾಧ್ಯ, ಓದುಗರು ಇದ್ದಾರೆ, ಪುಸ್ತಕ ಪೋಲಾಗುವುದಿಲ್ಲ ಎಂಬುದನ್ನು. ದಾರಿ ತೋರಿಸುವುದು ಸ್ವಯಂಸೇವೆ. ಆ ದಾರಿಗೆ ಡಾಂಬರು ಹಾಕುವುದು ವ್ಯವಸ್ಥೆಯ ಕರ್ತವ್ಯ.

ಹಾಗಾಗಿ ನನ್ನ ಬೇಡಿಕೆಗಳು ಇವು. ಸರ್ಕಾರದ ಹಣದಿಂದ ಪ್ರಕಟವಾಗುವ ಪ್ರತಿ ಕನ್ನಡ ಪುಸ್ತಕದ ಯೂನಿಕೋಡ್ ಕಡತ ಅಂಧರ ಗ್ರಂಥಾಲಯಕ್ಕೆ ಸೇರಬೇಕು. ಅಕಾಡೆಮಿಗಳು, ಪ್ರಾಧಿಕಾರಗಳು, ವಿಶ್ವವಿದ್ಯಾಲಯದ ಪ್ರಸಾರಾಂಗಗಳು ಇದನ್ನು ನಿಯಮವಾಗಿ ಮಾಡಿಕೊಳ್ಳಲಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಸಲ್ಲಿಸುವ ಖಾಸಗಿ ಪ್ರಕಾಶಕರಿಗೂ ಇದೇ ಷರತ್ತು ಇರಲಿ. ಕಡತ ಕೊಟ್ಟರೆ ಪುಸ್ತಕ ಸೋರಿಹೋಗುತ್ತದೆಂಬ ಅಂಜಿಕೆ ಪ್ರಕಾಶಕರಿಗೆ ಇದೆ; ಸದಸ್ಯರಿಗಷ್ಟೇ ತೆರೆಯುವ ಗ್ರಂಥಾಲಯದ ವ್ಯವಸ್ಥೆ ಇರುವುದು ಅದಕ್ಕಾಗಿಯೇ. ಕನ್ನಡ ಎಂ.ಎ. ತರಗತಿಗಳಲ್ಲಿ ಗ್ರಂಥಸಂಪಾದನೆಯ ಪತ್ರಿಕೆಗೆ ಪ್ರಾಯೋಗಿಕ ಭಾಗವೊಂದು ಸೇರಲಿ. ಪ್ರತಿ ವಿದ್ಯಾರ್ಥಿಯೂ ಒಂದು ಹಳೆಯ ಪುಸ್ತಕದ ಕೆಲವು ಪುಟಗಳನ್ನು ಮೂಲದೊಂದಿಗೆ ಹೋಲಿಸಿ ತಿದ್ದಲಿ, ಅದಕ್ಕೆ ಅಂಕ ಸಿಗಲಿ. ತಿದ್ದಿದವರ ಹೆಸರು, ಅವರು ಅನುಸರಿಸಿದ ಮುದ್ರಣ, ಉಳಿದಿರುವ ಅನುಮಾನಗಳು ಪುಸ್ತಕದ ಮೊದಲಲ್ಲಿ ದಾಖಲಾಗಲಿ. ಸಂಪಾದಕನಿಗೆ ಸಲ್ಲುವ ಮರ್ಯಾದೆ ಅದೇ, ಸಂಪಾದಕನ ಹೊಣೆಯೂ ಅದೇ.

ಹೊಸ ಪುಸ್ತಕಗಳ ಭಾರ ಹೀಗೆ ಇಳಿದರೆ ಸ್ವಯಂಸೇವಕರ ಕೈ ಹಳೆಯ ಪುಸ್ತಕಗಳಿಗೆ ಬಿಡುವಾಗುತ್ತದೆ. ಅಚ್ಚುಮೊಳೆಯ ಕಾಲದ ಕಾದಂಬರಿಗಳು, ಊರಿನ ಮುದ್ರಣಾಲಯದಲ್ಲಿ ಒಮ್ಮೆ ಅಚ್ಚಾಗಿ ಮರೆಯಾದ ನಾಟಕಗಳು, ಕಾಗದ ಪುಡಿಯಾಗುತ್ತಿರುವ ಮಾಸಪತ್ರಿಕೆಗಳಿಗೆ ಕಡತವೇ ಇಲ್ಲ. ಅಲ್ಲಿ ಮನುಷ್ಯನ ಶ್ರಮಕ್ಕೆ ಬದಲಿಯಿಲ್ಲ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಊರಿನ ಮಾತು ಯಾವ ಪುಸ್ತಕದಲ್ಲಿದೆಯೋ ಅದನ್ನೇ ಆರಿಸಿಕೊಳ್ಳಿ. ಧಾರವಾಡದ ಪುಸ್ತಕವನ್ನು ಧಾರವಾಡದವರು, ಮಲೆನಾಡಿನದನ್ನು ಮಲೆನಾಡಿನವರು ತಿದ್ದಿದರೆ ಮಾತಿನ ರುಚಿ ಕೆಡುವುದಿಲ್ಲ. ನಿಮ್ಮ ಕಾಲೇಜಿನಲ್ಲೇ ಇರುವ ಅಂಧ ಸಹಪಾಠಿಯನ್ನು ಜೊತೆಗೆ ಕರೆದುಕೊಳ್ಳಿ, ಯಾವ ಪುಸ್ತಕ ಬೇಕೆಂದು ಅವರನ್ನೇ ಕೇಳಿ, ಅವರು ಅನುಮಾನ ಎತ್ತಿದ ಕಡೆ ಮೂಲ ಪುಟ ತೆರೆದು ನೋಡಿ. ದಿನಕ್ಕೆ ಎರಡು ಪುಟ ಮಾಡಿದರೂ ವರ್ಷದೊಳಗೆ ಎರಡು ಮೂರು ಪುಸ್ತಕ ಮುಗಿಯುತ್ತವೆ. ಕಾಯಿದೆ ನಿಮಗೆ ಅನುಮತಿ ಕೊಟ್ಟಾಗಿದೆ, ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ಕೆಲಸ ಶುರು ಮಾಡಿ.